ಶೆಡ್ಡಿನ ಕಾರನ್ನು ಹಿಂದಕ್ಕೆ ತೆಗೆದವರು

ಕಾಪುವಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಎಡ್ವಿನ್ ಕೈಯೊರೆಸಿಕೊಳ್ಳುತ್ತಾ ಸಾಜಿದಾಳ ಮುಖ ನೋಡಿ ನಕ್ಕ. ಆ ನಗು ಅವಳಿಗೆ ಸರಿಬರಲಿಲ್ಲ.

"ಕ್ಲಚ್ ಪ್ಲೇಟ್ ಸುಟ್ಟು ಹೋಗಿದೆ ಮೇಡಂ. ಏರಿನಲ್ಲಿ ರಿವರ್ಸ್ ತೆಗೆಯುವಾಗ ಹಾಫ್ ಕ್ಲಚ್ಚಿನಲ್ಲೇ ಹಿಡಿದು ನಿಲ್ಲಿಸ್ತೀರಿ, ಅಲ್ವಾ?"

"ನಾನಾ? ನಾನು ಭಾನುವಾರ ಮಾತ್ರ ಕಾರು ತೆಗೆಯುವುದು ಮಾರಾಯ್ರೆ."

"ಹಾಗಾದರೆ ಬೇರೆ ಯಾರೋ ತೆಗೀತಾರೆ. ಇದು ಭಾನುವಾರದ ಕೆಲಸ ಅಲ್ಲ."

ಹೊಸ ಪ್ಲೇಟ್ ಹಾಕಿಸಿಕೊಂಡು ಬಂದರೂ ಆ ಮಾತು ಅವಳ ತಲೆಯಿಂದ ಇಳಿಯಲಿಲ್ಲ. ಮನೆ ರಸ್ತೆಗಿಂತ ತಗ್ಗಿನಲ್ಲಿತ್ತು. ಕಾರು ಶೆಡ್ಡಿನೊಳಗೆ ಮೂತಿ ತೂರಿಸಿ ನಿಲ್ಲುತ್ತಿತ್ತು. ಹೊರಗೆ ತೆಗೆಯಬೇಕಾದರೆ ಹಿಂದಕ್ಕೇ ಏರು ಹತ್ತಿಸಬೇಕು. ಗಂಡ ಸೌದಿಯ ದಮ್ಮಾಮಿನಲ್ಲಿ. ಅವಳು ಬೆಳಿಗ್ಗೆ ಬಸ್ಸು ಹತ್ತಿ ಮಣಿಪಾಲದ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿಗೆ ಹೋದರೆ ಬರುವುದು ಸಂಜೆ. ಹಗಲು ಮನೆಯಲ್ಲಿರುವವರು ಸೊಂಟನೋವಿನ ಅತ್ತೆ ಸಫಿಯಮ್ಮ. ಪೇಟೆಯಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಮೈದುನ ರಿಯಾಝ್ ಮಧ್ಯಾಹ್ನ ಉಣ್ಣಲು ಬಂದು ಹೋಗುತ್ತಿದ್ದ. ಅವನಿಗೆ ಡ್ರೈವಿಂಗ್ ಗೊತ್ತು. ಮತ್ತೆ ಯಾರೆಂದು ಹುಡುಕುವುದು?

ಆದರೆ ಮುಂದಿನ ಭಾನುವಾರ ಕಾರಿನಲ್ಲಿ ಕೂತಾಗ ಅವಳ ಮೊಣಕಾಲು ಸ್ಟಿಯರಿಂಗಿಗೆ ತಾಗಿತು. ಸೀಟನ್ನು ಯಾರೋ ಮುಂದಕ್ಕೆ ಎಳೆದಿದ್ದರು. ಕನ್ನಡಿ ಕೆಳಕ್ಕೆ ವಾಲಿತ್ತು. ರಿಯಾಝ್ ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರದವನು. ಹಾಗಾದರೆ ಕೂತದ್ದು ಗಿಡ್ಡಗಿನವರು. ಹೆಣ್ಣು! ಇವನು ಯಾರಿಗೋ ಗುಟ್ಟಿನಲ್ಲಿ ಕಾರು ಕಲಿಸುತ್ತಿದ್ದಾನೆ. ಅತ್ತ ಹೆಜಮಾಡಿಯ ಮನೆಯೊಂದರಲ್ಲಿ ಇವನ ಮದುವೆಯ ಮಾತು ನಡೆಯುತ್ತಿದೆ.

ರಾತ್ರಿ ಊಟಕ್ಕೆ ಕೂತಲ್ಲೇ ಕೇಳಿಬಿಟ್ಟಳು. "ರಿಯಾಝ್, ಆ ಹುಡುಗಿ ಯಾರು?"

"ಎಂತ ಹುಡುಗಿ ಅತ್ತಿಗೆ?"

"ಮಧ್ಯಾಹ್ನ ನೀನು ಕಾರಿನಲ್ಲಿ ಕೂರಿಸುವವಳು."

ರಿಯಾಝ್ ಬಟ್ಟಲಿಂದ ಕೈ ತೆಗೆದ. ತಾಯಿಯ ಕಡೆ ನೋಡಿದ. ಸಫಿಯಮ್ಮ ತಲೆಯೆತ್ತದೆ ಮೀನಿನ ಮುಳ್ಳು ಬಿಡಿಸುತ್ತಲೇ ಇದ್ದರು. ಅವನು ಎದ್ದು ಹೋದ. ಮರುದಿನದಿಂದ ಊಟಕ್ಕೆ ಬರುವುದನ್ನೇ ಬಿಟ್ಟ; ರಾತ್ರಿ ಮಲಗುವುದೂ ಅಂಗಡಿಯಲ್ಲೇ.

ತಪ್ಪಿಲ್ಲದವನಾದರೆ ಸಿಟ್ಟು ಯಾಕೆ ಬರಬೇಕು ಎಂದುಕೊಂಡಳು ಸಾಜಿದಾ. ಆದರೆ ಅವನು ಮನೆ ಕಡೆ ಸುಳಿಯದ ವಾರದಲ್ಲೇ ಶೆಡ್ಡಿನಲ್ಲಿ ಕ್ಲಚ್ ಸುಟ್ಟ ವಾಸನೆ. ಸೀಟು ಮತ್ತೆ ಮುಂದೆ.

ಬುಧವಾರ ಅರ್ಧ ದಿನ ರಜೆ ಹಾಕಿ, ಯಾರಿಗೂ ಹೇಳದೆ ಬಂದಳು. ಬಸ್ಸಿಳಿದು ಏರಿನ ತುದಿಗೆ ಬರುವಾಗಲೇ ಎಂಜಿನ್ ಬೊಬ್ಬೆ ಹೊಡೆಯುವುದು ಕೇಳಿಸಿತು. ಕಂಪೌಂಡಿನ ಮರೆಯಿಂದ ಇಣುಕಿದಳು. ಕಾರು ಅರ್ಧ ಶೆಡ್ಡಿನ ಒಳಗೆ, ಅರ್ಧ ಹೊರಗೆ, ಹಿಂದಕ್ಕೂ ಇಲ್ಲ ಮುಂದಕ್ಕೂ ಇಲ್ಲ, ಜ್ವರ ಬಂದಂತೆ ನಡುಗುತ್ತಾ ನಿಂತಿತ್ತು. ಅವಳು ಓಡಿ ಹೋಗಿ ಡ್ರೈವರ್ ಕಡೆಯ ಬಾಗಿಲು ಎಳೆದಳು.

ಬೆನ್ನಿಗೆ ದಿಂಬು ಕೊಟ್ಟು, ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಅವುಚಿ ಕೂತವರು ಸಫಿಯಮ್ಮ.

"ಬೈಯುವುದಾದರೆ ಆಮೇಲೆ ಬೈ," ಎಂದರು ಅವರು, ಕುತ್ತಿಗೆ ತಿರುಗಿಸದೆ. "ಈಗ ಕಾಲು ತೆಗೆದರೆ ಇದು ಗೋಡೆಗೆ ಹೋಗ್ತದೆ."

ಸಾಜಿದಾ ಒಳಗೆ ಬಗ್ಗಿ ಕೈಬ್ರೇಕ್ ಎಳೆದಳು. "ಎರಡೂ ಕಾಲು ತೆಗೆಯಬೇಡಿ. ಮೊದಲು ಕ್ಲಚ್ಚನ್ನು ಪೂರ್ತಿ ಒತ್ತಿ. ಬಲಗಾಲಲ್ಲಿ ಬ್ರೇಕ್. ಗೇರ್ ತೆಗೆದೆ. ಈಗ ಬಿಡಿ."

ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದಳು. ಅವಳ ಬಾಯಿಗೆ ಬಂದದ್ದು ಒಂದೇ ಪ್ರಶ್ನೆ. "ಯಾರು ಕಲಿಸಿದ್ದು ಮಾಮಿ?"

"ಯಾರೂ ಇಲ್ಲ. ಮೊಬೈಲಿನಲ್ಲಿ ನೋಡಿದ್ದು. ಮುಂದೆ ಹೋಗುವುದು ಇನ್ನೂ ಗೊತ್ತಿಲ್ಲ. ಇಲ್ಲಿಂದ ಹಿಂದೆ ಹೋಗದೆ ಮುಂದೆ ಹೋಗುವುದು ಹೇಗೆ?"

"ನನ್ನ ಹತ್ತಿರ ಕೇಳಬಹುದಿತ್ತಲ್ಲ!"

"ಸೊಂಟನೋವಿನ ಮುದುಕಿಗೆ ಎಂತ ಕಾರು ಅಂತ ನಗ್ತೀರಿ ನೀವು."

"ನಾನು ರಿಯಾಝ್‌ಗೆ ಅಂದದ್ದು ಕೇಳಿಯೂ ಸುಮ್ಮನಿದ್ದಿರಲ್ಲ."

ಸಫಿಯಮ್ಮನ ಮುಖ ಸಣ್ಣದಾಯಿತು. "ಅದು ನನ್ನದು ದೊಡ್ಡ ತಪ್ಪು. ಇವತ್ತು ಹೇಳುವ, ನಾಳೆ ಹೇಳುವ ಅಂತ ಇದ್ದೆ."

ಹೆಣ್ಣು ಎಂದು ಗೊತ್ತಾದ ಮೇಲೂ ಮನೆಯೊಳಗೇ ಇದ್ದ ಹೆಣ್ಣು ಸಾಜಿದಾಳ ತಲೆಗೆ ಹೊಳೆದಿರಲಿಲ್ಲ. ಅವಳು ಸುತ್ತು ಹಾಕಿ ಬಂದು ಪಕ್ಕದ ಸೀಟಿನಲ್ಲಿ ಕೂತಳು.

"ಕ್ಲಚ್ ಪೂರ್ತಿ ಒತ್ತಿ ಸ್ಟಾರ್ಟ್ ಮಾಡಿ. ರಿವರ್ಸ್ ಹಾಕಿ. ಸ್ವಲ್ಪವೇ ಆಕ್ಸಿಲರೇಟರ್. ಇನ್ನು ಕ್ಲಚ್ಚನ್ನು ಮೆಲ್ಲ ಬಿಡುತ್ತಾ ಬನ್ನಿ. ಸಾಕು! ಕಾರಿನ ಹಿಂಭಾಗ ತಗ್ಗಿದ್ದು ಗೊತ್ತಾಯಿತಾ? ಅಲ್ಲೇ ಇಡಿ. ನಾನು ಕೈಬ್ರೇಕ್ ಇಳಿಸ್ತೇನೆ. ಹೆದರಿಕೆಯಾದರೆ ಕ್ಲಚ್ಚೂ ಬ್ರೇಕೂ ಪೂರ್ತಿ ಒತ್ತಿ, ನಡುವೆ ಹಿಡಿದು ನಿಲ್ಲಿಸಬೇಡಿ. ಸುಡುವುದು ಅದರಿಂದ."

ಕಾರು ನಡುಗದೆ ಹಿಂದಕ್ಕೆ ಏರತೊಡಗಿತು. ಗೇಟಿನ ಬಳಿ ಸಫಿಯಮ್ಮ ಎರಡೂ ಪೆಡಲ್ ಒತ್ತಿ ನಿಲ್ಲಿಸಿ, ಉಸಿರು ಬಿಟ್ಟರು.

"ಇಳಿಯಿರಿ. ಲೈಸೆನ್ಸ್ ಇಲ್ಲದೆ ರಸ್ತೆಗೆ ಬೇಡ," ಎಂದು ಸಾಜಿದಾ ಕೈಬ್ರೇಕ್ ಎಳೆದು ಸೀಟು ಬದಲಿಸಿದಳು. ಇಬ್ಬರೂ ನೇರ ಪೇಟೆಗೆ, ರಿಯಾಝ್‌ನ ಅಂಗಡಿಗೆ ಹೋದರು.

ಎಲ್ಲವನ್ನೂ ಹೇಳಿದ್ದು ಸಫಿಯಮ್ಮನೇ. ರಿಯಾಝ್ ಜೋಡಿ ತಪ್ಪಿದ ಚಪ್ಪಲಿಗಳನ್ನು ಹುಡುಕಿ ಹುಡುಕಿ ಪೆಟ್ಟಿಗೆಗೆ ತುಂಬುತ್ತಾ ಕೇಳಿದ.

"ನನ್ನದು ತಪ್ಪಾಯಿತು ರಿಯಾಝ್," ಎಂದಳು ಸಾಜಿದಾ.

ಅವನು ಪೆಟ್ಟಿಗೆ ಮುಚ್ಚಿಟ್ಟು ತಾಯಿಯ ಕಡೆ ತಿರುಗಿ, "ಮಧ್ಯಾಹ್ನಕ್ಕೆ ಎಂತ ಸಾರು ಉಂಟು ಉಮ್ಮ?" ಎಂದು ಕೇಳಿ, ಶಟರ್ ಎಳೆಯಲು ಎದ್ದ.