ಚಳಿಗಾಲಕ್ಕೆ ಒಂದೂವರೆ ಕ್ಯಾನು ಪೆಟ್ರೋಲು

ಮೂವತ್ತು ಲೀಟರ್ ಪೆಟ್ರೋಲಿಗೆ ಇಡೀ ಊರಿನಲ್ಲಿ ಜಾಗವಿರಲಿಲ್ಲ.

ಒಂದು ಕ್ಯಾನು ಪೂರ್ತಿ, ಇನ್ನೊಂದು ಅರ್ಧ. ನವೆಂಬರ್ ಕೊನೆಯ ಒಂದು ಬೆಳಿಗ್ಗೆ ಮುನಿಲಕ್ಷ್ಮಿ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಕೆರೆಯಿಂದ ಊರೊಳಗೆ ಬಂದಳು. ಮೊದಲು ಸಂಘದ ಅಧ್ಯಕ್ಷೆ ವೆಂಕಟರತ್ನಮ್ಮನ ಮನೆ.

"ನಮ್ಮನೇಲಿ ಸೌದೆ ಒಲೆ ಕಣಮ್ಮಾ. ಅಧ್ಯಕ್ಷೆ ಆದ ತಪ್ಪಿಗೆ ಸುಟ್ಕೊಂಡು ಸಾಯ್ಬೇಕಾ?"

ಆಮೇಲೆ ಸಂಘದವಳೇ ಆದ ರಜನಿಯ ಮನೆ. ರಜನಿ ಬಾಗಿಲಲ್ಲೇ ನಕ್ಕಳು. "ನಮ್ಮೆಜಮಾನ್ರು ಬೀಡಿ ಕಚ್ಕೊಂಡೇ ಹುಟ್ಟಿದ್ದು. ಇಲ್ಲಿಟ್ರೆ ನೀನು ಬೆಳಗಾಗೋದ್ರೊಳಗೆ ನಮ್ಮ ತಿಥಿ ಊಟ ಮಾಡ್ತೀಯ."

ಸಂಘದ ಕೋಣೆಯ ಒಂದು ಗೋಡೆಯಾಚೆ ಅಂಗನವಾಡಿಯ ಅಡುಗೆಮನೆಯಿತ್ತು. ದೋಣಿಯ ಬಳಿಯೇ ಬಿಟ್ಟರೆ ಒಂದೇ ವಾರದಲ್ಲಿ ಅದು ಯಾರದೋ ಬೈಕಿನ ಹೊಟ್ಟೆ ಸೇರುತ್ತಿತ್ತು. ಮುನಿಲಕ್ಷ್ಮಿ ಬೀದಿಯ ನಡುವೆ ನಿಂತಳು. ಕ್ಯಾನಿನ ಹಿಡಿ ಅಂಗೈಯಲ್ಲಿ ಗೆರೆ ಕೊರೆದಿತ್ತು. ಎಸೆಯುವ ಮಾತಂತೂ ಇರಲಿಲ್ಲ.

ಎರಡು ವರ್ಷದ ಹಿಂದೆ ಹುತ್ತೂರಿನ ಪಕ್ಕದ ಈ ಊರಿನ ಹನ್ನೊಂದು ಹೆಂಗಸರ ಮೀನುಗಾರಿಕೆ ಸಂಘಕ್ಕೆ ಇಲಾಖೆಯವರು ಒಂದು ಫೈಬರ್ ದೋಣಿ, ಅದಕ್ಕೊಂದು ಮೋಟರ್ ಕೊಟ್ಟಿದ್ದರು. ಕಾರ್ತಿಕ ಕಳೆದ ಮೇಲೆ ಬಲೆ ನೀರಿಗಿಳಿಯುವುದಿಲ್ಲ, ಮರಿ ಬೆಳೆಯಬೇಕು. ಶಿವರಾತ್ರಿ ಆದಮೇಲೇ ಮತ್ತೆ ಕೆಲಸ. ಆದರೆ ಫೆಬ್ರವರಿ ನಡುವೆ ಇಲಾಖೆಯವರು ಬಂದು ದೋಣಿ ಓಡುತ್ತದೆಯೇ ಎಂದು ನೋಡುತ್ತಾರೆ. ಓಡದಿದ್ದರೆ ಅದು ಅರ್ಜಿ ಹಾಕಿ ಕಾಯುತ್ತಿರುವ ಬೇರೆ ಸಂಘಕ್ಕೆ ಹೋಗುತ್ತದೆ. ಹೋದ ವರ್ಷ ಮುಳಬಾಗಿಲು ಕಡೆಯ ಒಂದು ದೋಣಿ ಹಾಗೇ ಟ್ರ್ಯಾಕ್ಟರ್ ಹತ್ತಿತ್ತು. ಅದರ ಫೋಟೊ ಎಲ್ಲರ ಫೋನಿಗೂ ಬಂದಿತ್ತು. ಅದರಲ್ಲಿ ಮೋಟರಿನ ಮೇಲೆ ಆಯುಧಪೂಜೆಯ ಹಾರ ಒಣಗಿಕೊಂಡು ಹಾಗೇ ಇತ್ತು.

ಸಂಘದಲ್ಲಿ ದೋಣಿ ಓಡಿಸಲು ಕಲಿತವಳು ಮುನಿಲಕ್ಷ್ಮಿ ಒಬ್ಬಳೇ. ಹಿಂಬದಿಯ ಹಲಗೆಯ ಮೇಲೆ ಕೂತು ಹ್ಯಾಂಡಲ್ ತಿರುಗಿಸಿದರೆ ಆ ಸದ್ದಿನಲ್ಲಿ ದಡದಿಂದ ಯಾರು ಕೂಗಿದರೂ ಕೇಳಿಸುತ್ತಿರಲಿಲ್ಲ. ಅತ್ತೆ, ಗಂಡ, ಅಧ್ಯಕ್ಷೆ, ಯಾರು ಕರೆದರೂ. ಮೂವತ್ತೆಂಟು ವರ್ಷದಲ್ಲಿ ಅವಳಿಗೆ ಅಂಥ ಜಾಗ ಇನ್ನೊಂದು ಸಿಕ್ಕಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೋಣಿ ಬಿಟ್ಟುಕೊಡುವುದಿಲ್ಲ ಎಂದಷ್ಟೇ ಹೇಳುತ್ತಿದ್ದಳು.

ಕೊನೆಗೆ ಕ್ಯಾನುಗಳು ಅವಳದೇ ಹುಳುಮನೆಗೆ ಹೋದವು.

ಯೋಚಿಸಿದಷ್ಟೂ ಅದೇ ಸರಿಯೆನಿಸಿತು. ಬೀಗವಿತ್ತು. ರೇಷ್ಮೆಹುಳುವಿನ ಮನೆಯಲ್ಲಿ ಯಾರೂ ಬೀಡಿ ಸೇದುವುದಿಲ್ಲ, ಅಗರಬತ್ತಿಯನ್ನೂ ಹಚ್ಚುವುದಿಲ್ಲ. ಹೊರಗೆ ಎಷ್ಟೇ ಚಳಿಯಿದ್ದರೂ ಒಳಗೆ ಕರೆಂಟ್ ಹೀಟರ್, ಒದ್ದೆ ಗೋಣಿಚೀಲ, ಹದವಾದ ಬಿಸಿ, ಹದವಾದ ತೇವ. ಹುಳುವಿನಂಥ ನಾಜೂಕು ಜೀವವೇ ಅಲ್ಲಿ ಬದುಕುವಾಗ ಪೆಟ್ರೋಲಿಗೇನು ಕಷ್ಟ? ಸೊಪ್ಪು ಕೂಡಿಡುವ ಮೂಲೆಯಲ್ಲಿ, ಹಿಪ್ಪುನೇರಳೆ ಕಟ್ಟುಗಳ ಹಿಂದೆ ಎರಡನ್ನೂ ಇಟ್ಟಳು. ನಾಲ್ಕನೇ ದಿನ ನೋಡಿದರೆ ಕ್ಯಾನುಗಳ ಹೊಟ್ಟೆ ಉಬ್ಬಿತ್ತು. ಉಸಿರು ಕಟ್ಟಿರಬೇಕು ಎಂದುಕೊಂಡಳು. ಪೊರೆ ಬಿಡುವ ಜ್ವರದಿಂದ ಎದ್ದ ಹುಳುಗಳಿಗೆ ಗಾಳಿಯಾಡಲೆಂದು ಕಿಟಕಿ ತೆರೆಯುವ ಹಾಗೆ, ಎರಡೂ ಮುಚ್ಚಳಗಳನ್ನು ಅರ್ಧ ಸುತ್ತು ಸಡಿಲಿಸಿ ಬಿಟ್ಟಳು.

ಡಿಸೆಂಬರ್ ಎರಡನೇ ವಾರ, ಮೂರನೇ ಜ್ವರ ಕಳೆದ ಮಾರನೆಯ ದಿನ ಹುಳು ಸೊಪ್ಪು ಮುಟ್ಟಲಿಲ್ಲ. ತಟ್ಟೆಗಳ ಅಂಚಿಗೆ ಹರಿದು ತಲೆಯೆತ್ತಿ ಆಡಿಸುತ್ತಿದ್ದವು. ಕೆಲವು ಹಸಿರು ನೀರು ಕಕ್ಕಿಕೊಂಡು ಬಿದ್ದಿದ್ದವು. ಅತ್ತೆ ದೊಡ್ಡಗಂಗಮ್ಮ ಒಂದು ಹಿಡಿ ಸೊಪ್ಪೆತ್ತಿ ಮೂಗಿಗೆ ಹಿಡಿದಳು.

"ಅಯ್ಯೋ ರಾಮಾ! ಏಮೇ ಇದಿ? ಲೇ ಮುನಿಲಕ್ಷ್ಮೀ, ಇದು ಸೊಪ್ಪಾ, ಬಸ್‌ಸ್ಟ್ಯಾಂಡಾ?"

ಮುನಿಲಕ್ಷ್ಮಿಯೂ ಮೂಸಿದಳು. ದಿನವೂ ಅದರೊಳಗೇ ಇದ್ದ ಅವಳ ಮೂಗಿಗೆ ಈಗಷ್ಟೇ ಬಡಿಯಿತು.

"ದೋಣಿದು ಅತ್ತೆ. ಬೇರೆ ಕಡೆ ಜಾಗ ಇರ್ಲಿಲ್ಲ."

"ಜಾಗ ಇರ್ಲಿಲ್ವಂತೆ! ಹುಳು ಬಾಯಿಗೇ ಹುಯ್ಬೇಕಾಗಿತ್ತು, ಇನ್ನೂ ಸಲೀಸು. ಐವತ್ತು ವರ್ಷ ಸಾಕಿದೀನಿ. ನಾನು ತಲೆಗೆ ಹೂ ಮುಡ್ಕೊಂಡು ಒಳಗೆ ಬರಲ್ಲ, ವಾಸನೆ ಅಂತ. ನೀನು ಬಂಕನ್ನೇ ತಂದಿಟ್ಟಿದೀಯ. ಆ ಹೀಟರಿಂದ ಒಂದು ಕಿಡಿ ಬಿದ್ದಿದ್ರೆ?"

ಮುನಿಲಕ್ಷ್ಮಿ ಕ್ಯಾನುಗಳನ್ನು ಹೊರಗೆ ಒಯ್ದು ಬೇಲಿಯ ಆಚೆ ಇಟ್ಟಳು. ಸೊಪ್ಪನ್ನೆಲ್ಲ ತಿಪ್ಪೆಗೆ ಹಾಕಿ, ತೋಟಕ್ಕೆ ಹೋಗಿ ಹೊಸದಾಗಿ ಕೊಯ್ದು ತಂದಳು. ಹದಿನೆಂಟು ತಟ್ಟೆಗಳಲ್ಲಿ ಆರನ್ನು ಹೂಳಬೇಕಾಯಿತು. ಗುಂಡಿ ತೋಡುವಾಗ ದೊಡ್ಡಗಂಗಮ್ಮ ಪಕ್ಕದಲ್ಲೇ ನಿಂತಿದ್ದಳು.

"ಆ ದೋಣಿ ಕೊಟ್ಬಿಡೇ. ಸಾಕು."

"ಕೊಡಲ್ಲ."

"ಆರು ತಟ್ಟೆ ಹೋಯ್ತು."

"ಹೋಯ್ತು. ತಪ್ಪು ನಂದೇ. ದೋಣಿ ಕೊಡಲ್ಲ."

ಮಾರನೆಯ ದಿನ ಅವಳು ಎರಡು ಗಾಜಿನ ಬಾಟಲಿಗಳಲ್ಲಿ ಎರಡೂ ಕ್ಯಾನಿನಿಂದ ಒಂದಿಷ್ಟು ಪೆಟ್ರೋಲನ್ನು ತುಂಬಿಕೊಂಡು ಹುತ್ತೂರಿಗೆ ನಡೆದಳು. ಅಲ್ಲಿ ಶಾಕಿರ್ ಔಷಧಿ ಹೊಡೆಯುವ ಪಂಪು, ನೀರಿನ ಮೋಟರು, ಬೈಕು ಎಲ್ಲ ರಿಪೇರಿ ಮಾಡುತ್ತಿದ್ದ. ಅವನು ಬಾಟಲಿಗಳನ್ನು ಬಿಸಿಲಿಗೆ ಹಿಡಿದು ಅಲ್ಲಾಡದ ಹಾಗೆ ಕಟ್ಟೆಯ ಮೇಲಿಟ್ಟ. ಇಬ್ಬರೂ ಚಹಾ ಕುಡಿದರು. ಅಷ್ಟರಲ್ಲಿ ಒಂದರ ತಳದಲ್ಲಿ, ಬೆರಳಿನ ಎರಡು ಗೆಣ್ಣಿನಷ್ಟು ಎತ್ತರಕ್ಕೆ, ಬೇರೆಯೇ ಒಂದು ಪದರ ನಿಂತಿತ್ತು.

"ಇದು ಯಾವುದ್ರದು ಅಕ್ಕಾ?"

"ಅರ್ಧ ಇದ್ದ ಕ್ಯಾನಿಂದು."

"ಮುಗೀತು ಇದ್ರ ಕಥೆ. ಈಗಿನ ಪೆಟ್ರೋಲಲ್ಲಿ ಸ್ಪಿರಿಟ್ ಬೆರೆಸಿರ್ತಾರೆ. ಅದು ಗಾಳೀಲಿರೋ ನೀರು ಕುಡಿಯುತ್ತೆ. ಜಾಸ್ತಿ ಕುಡಿದ್ರೆ ಹಿಂಗೆ ಕೆಳಗೆ ಕೂತ್ಬಿಡುತ್ತೆ. ಮೋಟರ್ ಮೊದಲು ಎಳ್ಕೊಳ್ಳೋದೇ ಆ ನೀರನ್ನ. ಎಲ್ಲಿಟ್ಟಿದ್ರಿ?"

ಅವಳು ಹೇಳಿದಳು. ಹೀಟರು, ಒದ್ದೆ ಗೋಣಿ, ಸಡಿಲಿಸಿದ ಮುಚ್ಚಳ. ಶಾಕಿರ್ ನಗಬಾರದೆಂದು ಪ್ರಯತ್ನಿಸಿ ಸೋತ.

"ಅರೆ ಅಕ್ಕಾ, ಸೊಪ್ಪು ಒಂದು ತಿನ್ನಿಸಿಲ್ಲ, ಬಾಕಿ ಎಲ್ಲಾ ಮಾಡಿದೀರ!"

"ನಗೋದು ಆಯ್ತಾ? ಈಗ ಹೇಳು. ಹೆಂಗಿಡ್ಬೇಕು?"

ಅವನು ಬೆರಳು ಮಡಚುತ್ತ ಹೇಳಿದ. ಕ್ಯಾನು ತುಂಬಿರಬೇಕು, ಕತ್ತಿನ ಹತ್ತಿರ ನಾಲ್ಕು ಬೆರಳು ಬಿಟ್ಟರೆ ಸಾಕು. ಮುಚ್ಚಳ ಬಿಗಿ. ನೆರಳು. ಮನೆಯಿಂದ ದೂರ. ನೆಲಕ್ಕೆ ತಾಗಬಾರದು. ಮತ್ತೆ, ಅದರ ಆವಿ ಹೊಗೆಯ ಹಾಗೆ ಮೇಲೇಳುವುದಿಲ್ಲ; ನೀರಿನ ಹಾಗೆ ಕೆಳಗಿಳಿಯುತ್ತದೆ. ಆದ್ದರಿಂದ ಗುಂಡಿ ತೋಡಿ ಇಡುವುದಂತೂ ಬೇಡವೇ ಬೇಡ.

"ಮೋಟರೊಳಗಿಂದು ಏನು ಮಾಡಿದ್ರಿ?"

"ಒಳಗಿಂದಾ?"

ಶಾಕಿರ್ ಅಂಗಡಿಯ ಬಾಗಿಲೆಳೆದು, ಸ್ಪ್ಯಾನರ್ ಚೀಲ ಹೆಗಲಿಗೇರಿಸಿ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ. ಕಾರ್ಬೊರೇಟರ್ ಬಿಚ್ಚಿದಾಗ ತಳದಲ್ಲಿ ಬೆಲ್ಲದ ಪಾಕದಂಥದ್ದು ಅಂಟಿತ್ತು. ಅವನು ಒಮ್ಮೆ ತೊಳೆದು ಜೋಡಿಸಿ ತೋರಿಸಿದ. ಅವಳು ಅದನ್ನು ಮತ್ತೆ ಬಿಚ್ಚಿದಳು.

"ಆಯ್ತಲ್ಲ ಅಕ್ಕಾ, ಯಾಕೆ ಬಿಚ್ತೀರ?"

"ನೀನು ಮಾಡಿದ್ದು ನೀನು ಕಲಿತಂಗಾಯ್ತು. ನಾನು ಕಲೀಬೇಡ್ವಾ?"

ಸಂಜೆಯೊಳಗೆ ಅವಳು ಅದನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದಳು. ಕೆಟ್ಟ ಪೆಟ್ರೋಲನ್ನು ಬಿಡಿಭಾಗ ತೊಳೆಯಲೆಂದು ಶಾಕಿರನೇ ಒಯ್ದ.

ಜಾಗವೊಂದು ಬಾಕಿಯಿತ್ತು. ಗಂಡ ಮುನೇಶ್ ಮಾಲೂರಿನ ಇಟ್ಟಿಗೆ ಗೂಡೊಂದರಲ್ಲಿ ಲಾರಿ ಓಡಿಸುತ್ತಿದ್ದ. ಭಾನುವಾರ ಊಟಕ್ಕೆ ಕೂತಾಗ ಅವಳು ಕೇಳಿದಳು: "ಇಟ್ಟಿಗೆ ಇಳಿಸಿ ಖಾಲಿ ಬರುವಾಗ ಶಿವಾರಪಟ್ಟಣದ ಮೇಲೆ ಬರ್ತೀರಲ್ಲ?"

"ಬರ್ತೀನಿ. ಯಾಕೆ, ವಿಗ್ರಹ ಮಾಡಿಸ್ಬೇಕಾ?"

"ಒಡೆದ ಚಪ್ಪಡಿ ಬೇಕು. ಕೆತ್ತೋವಾಗ ಬಿರುಕು ಬಿಟ್ಟಿದ್ದನ್ನ ಅವರು ಹೊರಗೆ ಹಾಕಿರ್ತಾರಲ್ಲ, ಅದು. ಏಳು ಸಾಕು."

ಮುನೇಶ್ ಅವಳ ಮುಖ ನೋಡಿದ. ವಾದ ಮಾಡಿ ಪ್ರಯೋಜನವಿಲ್ಲವೆಂಬುದು ಅವನಿಗೆ ಗೊತ್ತಾಯಿತು. ಚಪ್ಪಡಿಗಳು ಬಂದವು. ಒಂದರ ಮೇಲೆ ಯಾವುದೋ ದೇವರ ಎಡಗೈ ಅರ್ಧ ಮೂಡಿ ನಿಂತಿತ್ತು. ರಜನಿ, ವೆಂಕಟರತ್ನಮ್ಮ, ಇನ್ನೂ ನಾಲ್ವರು ಸೇರಿ ಕೆರೆಯ ಏರಿಯ ಕೆಳಗೆ, ಊರಿನಿಂದ ಕೂಗಳತೆಯಾಚೆ, ಹೊಂಗೆಮರದ ನೆರಳಿನಲ್ಲಿ ಅವನ್ನು ಬೀರುವಿನ ಹಾಗೆ ನಿಲ್ಲಿಸಿದರು. ಮೇಲೊಂದು, ತಳದಲ್ಲಿ ಗೇಣೆತ್ತರಕ್ಕೆ ಇನ್ನೊಂದು. ಮುಂದೆ ಕಬ್ಬಿಣದ ಬಾಗಿಲು, ಬೀಗ.

ಹುಳುಮನೆಗಾದರೆ ಕಿಂಡಿ ಸೂರಿನ ಕೆಳಗೆ ಬಿಡುತ್ತಾರೆ. ಮುನಿಲಕ್ಷ್ಮಿ ಇದಕ್ಕೆ ಬುಡದಲ್ಲಿ ಬಿಟ್ಟಳು.

"ಗಾಳಿ ಹೋಗೋದು ಮೇಲಿಂದಲ್ವೇನೇ?" ಎಂದಳು ವೆಂಕಟರತ್ನಮ್ಮ.

"ಇದ್ರದ್ದು ಕೆಳಗಿಂದ."

"ಎಲ್ಲಾ ಉಲ್ಟಾ, ನಿನ್ನ ಹಾಗೆ."

ಫೆಬ್ರವರಿ ಹದಿನಾರರ ಬೆಳಿಗ್ಗೆ ಇಲಾಖೆಯ ಇನ್‌ಸ್ಪೆಕ್ಟರ್ ವೇಣುಗೋಪಾಲ್ ಜೀಪಿನಲ್ಲಿ ಬಂದರು. ಹಿಂದೆಯೇ ಒಂದು ಟ್ರ್ಯಾಕ್ಟರ್. ಅದರಿಂದಿಳಿದವನು ಶ್ರೀನಿವಾಸಪುರ ಕಡೆಯ ಸಂಘದ ಶ್ರೀನಿವಾಸಪ್ಪ. ಹೆಗಲ ಮೇಲೆ ಹೊಸ ಹಗ್ಗದ ಸುರುಳಿ.

"ಪರೀಕ್ಷೆ ಇನ್ನೂ ಆಗಿಲ್ಲ, ಹಗ್ಗ ಆಗಲೇ ತಂದಿದೀರಲ್ಲಣ್ಣಾ," ಎಂದಳು ರಜನಿ.

"ಎರಡು ಸಲ ಓಡಾಡೋದ್ಯಾಕಮ್ಮಾ, ಡೀಸೆಲ್ ದಂಡ."

"ನೀರಿಗೆ ಬಿದ್ರೆ ಹಿಡ್ಕೊಳ್ಳೋಕೆ ಬೇಕಾಗುತ್ತೆ, ಜೋಪಾನವಾಗಿ ಇಟ್ಕೊಳ್ಳಿ."

ಇನ್‌ಸ್ಪೆಕ್ಟರ್ ನಗಲಿಲ್ಲ. "ಖಾಲಿ ದೋಣಿ ಬೇಡ. ಬಲೆ ಹಾಕ್ಕೊಂಡು, ನಾಲ್ಕು ಜನ ಕೂತು, ಆಚೆ ತೂಬಿನವರೆಗೂ ಹೋಗಿ ವಾಪಸ್ ಬನ್ನಿ."

ವೆಂಕಟರತ್ನಮ್ಮ, ರಜನಿ ಹತ್ತಿದರು. ನಾಲ್ಕನೆಯವಳಾಗಿ ಸಂಘದಲ್ಲೇ ಇಲ್ಲದ ದೊಡ್ಡಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಬಲೆಯ ರಾಶಿಯ ಮೇಲೆ ಕೂತಳು.

"ಅತ್ತೆ, ನೀವ್ಯಾಕೆ?"

"ಆರು ತಟ್ಟೆ ಕೊಟ್ಟಿದೀನಿ. ಅದೇನು ಓಡುತ್ತೋ ನೋಡ್ಬೇಡ್ವಾ?"

ಮೂರನೇ ಎಳೆತಕ್ಕೆ ಮೋಟರ್ ಹೊತ್ತಿಕೊಂಡಿತು. ದಡದಲ್ಲಿ ಕೂಗು. ದೋಣಿ ಮೂತಿಯೆತ್ತಿ ನಡುನೀರಿಗೆ ಹೋಯಿತು. ಮುನಿಲಕ್ಷ್ಮಿಗೆ ಏನೂ ಕೇಳಿಸಲಿಲ್ಲ.

ಐದು ನಿಮಿಷವಾಗಿರಬಹುದು. ಮೋಟರ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತಿತು.

ಆಗ ಎಲ್ಲವೂ ಕೇಳಿಸಿತು. ನೀರು ದೋಣಿಗೆ ತಟ್ಟುವುದು, ರಜನಿಯ ಉಸಿರು, ದೂರದ ದಡದಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗಿದ್ದು. ಅವಳು ಹಗ್ಗ ಎಳೆದಳು. ಇಲ್ಲ. ಎಳೆದಳು. ಇಲ್ಲ. ಪೆಟ್ರೋಲ್ ಇದೂ ಕೆಟ್ಟಿತೇ? ಆದರೆ ಆ ದಿನ ಬೆಳಿಗ್ಗೆಯೇ ಬಾಟಲಿಗೆ ಹಾಕಿ ಬಿಸಿಲಿಗೆ ಹಿಡಿದು ನೋಡಿದ್ದಳು, ಪದರವಿರಲಿಲ್ಲ. ನೀರಲ್ಲ. ಹಾಗಿದ್ದರೆ ಬೇರೇನೋ. ಅವಳು ಎಳೆಯುವುದನ್ನು ನಿಲ್ಲಿಸಿ, ಒಂದೊಂದನ್ನೇ ಕೈಯಿಂದ ಮುಟ್ಟುತ್ತ ಹೋದಳು. ಕಾರ್ಬೊರೇಟರ್. ಪೈಪು. ಪೈಪಿನ ನಡುವೆ, ಹಿಂಡಿದರೆ ಪೆಟ್ರೋಲನ್ನು ಮೋಟರಿಗೆ ತಳ್ಳುವ ರಬ್ಬರ್ ಉಂಡೆ. ಒತ್ತಿದರೆ ಚಪ್ಪಟೆಯಾಗಿ ಹಾಗೇ ಉಳಿಯಿತು. ಕಾಲ ಬಳಿಯ ಕೆಂಪು ಟ್ಯಾಂಕಿನ ಪಕ್ಕಗಳು, ಹಸಿದವರ ಕೆನ್ನೆಯ ಹಾಗೆ, ಒಳಕ್ಕೆ ಹೋಗಿದ್ದವು.

ಟ್ಯಾಂಕಿನ ಮುಚ್ಚಳದ ಮೇಲಿನ ಗಾಳಿಯ ತಿರುಪು. ಓಡುವಾಗ ತೆರೆದಿರಬೇಕಾದ್ದು. ಎರಡು ತಿಂಗಳಿಂದ ಕಂಡದ್ದನ್ನೆಲ್ಲ ಬಿಗಿಮಾಡುತ್ತ ಬಂದ ಅವಳು ಅದನ್ನೂ ಬಿಗಿದಿದ್ದಳು.

ತಿರುಗಿಸಿದಳು. ಟ್ಯಾಂಕು ಉಸ್ಸೆಂದು ಉಸಿರೆಳೆದುಕೊಂಡು ಡಬ್ಬೆಂದು ಉಬ್ಬಿತು. ದೊಡ್ಡಗಂಗಮ್ಮ ಬೆಚ್ಚಿ ಬಲೆ ಹಿಡಿದುಕೊಂಡಳು. ಉಂಡೆಯನ್ನು ಗಟ್ಟಿಯಾಗುವವರೆಗೂ ಹಿಂಡಿ, ಕಾಲು ಊರಿ, ಮುನಿಲಕ್ಷ್ಮಿ ಹಗ್ಗ ಎಳೆದಳು. ಎರಡನೇ ಸಲಕ್ಕೆ ಮೋಟರ್ ಗುಡುಗಿತು.

ದಡದಲ್ಲಿ ಇನ್‌ಸ್ಪೆಕ್ಟರ್ ಕೈಯೆತ್ತಿ ಕಾಗದವೊಂದನ್ನು ಬೀಸುತ್ತಿದ್ದರು. ಶ್ರೀನಿವಾಸಪ್ಪ ಹಗ್ಗವನ್ನು ಟ್ರೇಲರಿಗೆ ಎಸೆಯುವುದು ಕಂಡಿತು.

"ಸಾಕಂತೆ ಕಣೇ!" ರಜನಿ ಕಿವಿಯ ಬಳಿ ಬಾಗಿ ಕಿರುಚಿದಳು. "ಸೈನ್ ಹಾಕಿದಾರೆ ಅನ್ಸುತ್ತೆ! ತಿರುಗ್ಸು!"

"ತೂಬಿನವರೆಗೂ ಅಂದಿದ್ರಲ್ಲ."

"ಬೇಡ ಅಂತಿದಾರೆ!"

"ತೂಬಿನವರೆಗೂ ಹೋಗ್ತೀನಿ."

ವೆಂಕಟರತ್ನಮ್ಮ ಏನೋ ಬೈದಳು, ಅದು ಕೇಳಿಸಲಿಲ್ಲ. ಬಲೆಯ ಮೇಲೆ ಕೂತ ದೊಡ್ಡಗಂಗಮ್ಮ ಮಾತ್ರ ಹಿಂದಿದ್ದ ಸೊಸೆಯ ಕಡೆಗೆ ತಿರುಗಿ, ಎತ್ತು ಹೊಡೆಯುವವಳ ಹಾಗೆ, ಕೈಯನ್ನು ಮುಂದಕ್ಕೆ ಬೀಸಿದಳು.