ಒಂದು ಗುಂಡಿಗೆ ಮೂರು ಮಂದಿ

ಸುಳ್ಳು ಹೇಳುವುದೇನು ದೊಡ್ಡ ಮಾತಲ್ಲ, ಬಾಯಿ ತೆರೆದರೆ ಆಯಿತು. ಅದನ್ನು ಸಾಕುವುದಿದೆಯಲ್ಲ, ಆ ಕಷ್ಟ ಸಾಕಿದವನಿಗೇ ಗೊತ್ತು. ವಡಗಾವಿಯ ಯೂಸುಫ ಹದಿನೈದು ವರ್ಷ ಒಂದು ಸುಳ್ಳನ್ನು ಸಾಕಿದ್ದ. ಎಪ್ಪತ್ತೊಂದರ ಯುದ್ಧದಲ್ಲಿ ಖಾನಾಪುರದ ಭರಮಪ್ಪನ ತೊಡೆಗೆ ಗುಂಡು ಬಿದ್ದಾಗ ಸ್ಟ್ರೆಚರಿನ ಒಂದು ತುದಿಯನ್ನು ತಾನು ಹಿಡಿದಿದ್ದೆ, ಇನ್ನೊಂದು ತುದಿಯನ್ನು ಸಾತಾರಾದ ಒಬ್ಬ ಹುಡುಗ ಹಿಡಿದಿದ್ದ, ಬೇರೆ ಕಂಪನಿಯವನು, ಹೆಸರು ಗೊತ್ತಿಲ್ಲ. ಇದು ಅವನು ಹೇಳಿದ್ದ ಕತೆ. ಅಂಥ ಹುಡುಗ ಯಾರೂ ಇರಲಿಲ್ಲ.

ಆ ತುದಿ ಹಿಡಿದಿದ್ದವನು ಭರಮಪ್ಪನ ಊರಿನವನೇ ಆದ ಅವನ ಗೆಳೆಯ ಮೈಲಾರಲಿಂಗ. ಅವನೂ ಯೂಸುಫನೂ ಪಲ್ಟನ್ನಿನ ಬ್ಯಾಂಡಿನವರು. ಯೂಸುಫನದು ಕ್ಲಾರ್ನೆಟ್, ಅವನದು ದೊಡ್ಡ ಡೋಲು. ಯುದ್ಧ ಬಂತೆಂದರೆ ಬ್ಯಾಂಡಿನವರು ವಾದ್ಯ ಕೆಳಗಿಟ್ಟು ಸ್ಟ್ರೆಚರ್ ಎತ್ತಬೇಕು, ಅದು ಸೇನೆಯ ರೂಢಿ. ಭರಮಪ್ಪನನ್ನು ಹೊತ್ತು ತರುವಾಗ ಮೈಲಾರಲಿಂಗನ ಬೆನ್ನಿಗೆ ಗುಂಡು ಬಿತ್ತು. ಪುಣ್ಯಾತ್ಮ ಮೊದಲು ಸ್ಟ್ರೆಚರನ್ನು ಮೆಲ್ಲಗೆ ನೆಲಕ್ಕಿಳಿಸಿದ, ಆಮೇಲೆ ತಾನು ಬಿದ್ದ. ಭರಮಪ್ಪನಿಗೆ ಎಚ್ಚರವಿರಲಿಲ್ಲ. ಪುಣೆಯ ಆಸ್ಪತ್ರೆಯಲ್ಲಿ ಒಂದು ಕಾಲು ಕಳೆದುಕೊಂಡು, ಅನ್ನ ನೀರು ಬಿಟ್ಟು, ಗೋಡೆಗೆ ಮುಖ ಮಾಡಿ ಮಲಗಿದ್ದವನು, "ನನ್ನ ಹೊತ್ತಾವ್ರು ಯಾರು?" ಎಂದು ಕೇಳಿದಾಗ ನಿಜ ಹೇಳಲು ಯೂಸುಫನಿಗೆ ನಾಲಿಗೆ ಏಳಲಿಲ್ಲ. ಮೈಲಾರಲಿಂಗ ಅದೇ ಸಂಜೆ ಶೆಲ್ ಬಿದ್ದು ತೀರಿಕೊಂಡ ಎಂದುಬಿಟ್ಟ. ಖಾನಾಪುರಕ್ಕೆ ಹೋಗಿ ಮೈಲಾರಲಿಂಗನ ಹೆಂಡತಿ ಬಾಳವ್ವನಿಗೆ ಮಾತ್ರ ಇದ್ದದ್ದನ್ನು ಇದ್ದಂತೆ ಹೇಳಿದ. ಆಕೆ, "ಅವರಿಗಿ ಹೇಳಬ್ಯಾಡ್ರಿ" ಎಂದಳು.

ಭರಮಪ್ಪ ಬದುಕಿದ. ಮರದ ಕಾಲು ಕಟ್ಟಿಕೊಂಡು ಖಾನಾಪುರದ ಪೇಟೆಯಲ್ಲಿ ಹಿಟ್ಟಿನ ಗಿರಣಿ ಹಾಕಿದ, ಮದುವೆಯಾದ, ಒಬ್ಬ ಮಗಳ ತಂದೆಯಾದ. ಗೆಳೆಯನ ಹೆಂಡತಿ ತಂಗಿ ಇದ್ದಂತೆ ಎಂದು ನಾಗರ ಪಂಚಮಿ ಬಂತೆಂದರೆ ಬಾಳವ್ವನಿಗೆ ಕುಬಸದ ಖಣ ಒಯ್ದ. ಮಾಜಿ ಸೈನಿಕರು ಕೂಡಿದ ಕಡೆಯಲ್ಲೆಲ್ಲ ಸಾತಾರಾದವರನ್ನು ಹುಡುಕಿದ. "ನನ್ನ ಹೊತ್ತ ಹುಡುಗ ನಿಮ್ಮ ಕಡಿಯಾಂವ ಅಂತ್ರಿ. ಸಿಕ್ಕರ ಒಮ್ಮಿ ಅವನ ಕಾಲ ಮುಟ್ಟಬೇಕು" ಎನ್ನುವನು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಯೂಸುಫ ಬೇರೆ ಕಡೆ ನೋಡುತ್ತಿದ್ದ.

ಎಂಬತ್ತಾರರ ಚಳಿಗಾಲದಲ್ಲಿ ಬೆಳಗಾವಿಯ ಕ್ಯಾಂಪಿನ ಮೈದಾನದಲ್ಲಿ ಮಾಜಿ ಸೈನಿಕರ ಕೂಟ ನಡೆಯಿತು. ಊಟಕ್ಕೆ ಮೊದಲು ಒಬ್ಬ ಹರೆಯದ ಮೇಜರ್ ಬಂದೂಕುಗಳ ಬಗ್ಗೆ ಮಾತಾಡಿದ. ಮೇಜಿನ ಮೇಲೆ ಎರಡನ್ನು ಇಟ್ಟಿದ್ದರು. ಒಂದು ಹಳೆಯ ತ್ರೀ ನಾಟ್ ತ್ರೀ. ಕೆಸರಲ್ಲಿ ಬಿದ್ದರೂ, ಧೂಳು ತಿಂದರೂ ಕೈ ಕೊಡದ ಬಂದೂಕು, ಅದಕ್ಕೇ ಅದನ್ನು ಅಷ್ಟು ಕಾಲ ಇಟ್ಟುಕೊಂಡೆವು ಎಂದ ಮೇಜರ್. ಆದರೆ ಒಂದೊಂದು ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯಬೇಕು. ಎದುರಿನವನು ಎಡೆಬಿಡದೆ ಹೊಡೆಯುವಾಗ ಅದು ನಡೆಯುವುದಿಲ್ಲ ಎಂದು ಅರವತ್ತೆರಡರ ಚೀನಾ ಯುದ್ಧ ಕಲಿಸಿತು. ಆಮೇಲೆ ಬಂದದ್ದು ಎರಡನೆಯದು, ಗುಂಡನ್ನು ತಾನೇ ತುಂಬಿಕೊಳ್ಳುವ ಎಸ್ಸೆಲ್ಲಾರ್, ಎದುರಿಗೆ ಕೂತ ಬಹಳ ಮಂದಿ ಹೆಗಲ ಮೇಲೆ ಹೊತ್ತು ತಿರುಗಿದ್ದು. ಅದೂ ಈಗ ಭಾರವಾಯಿತಂತೆ. ಸಣ್ಣ ಗುಂಡಿನ ಹಗುರ ಬಂದೂಕು ಬರಲಿದೆ, ಜವಾನ ಎರಡು ಪಟ್ಟು ಗುಂಡು ಹೊರಬಹುದು ಎಂದ.

"ಸಣ್ಣ ಗುಂಡ ಏನ ಗುಬ್ಬಿ ಹೊಡ್ಯಾಕೇನ್ರಿ ಸಾಹೇಬ್ರ?" ಎಂದು ಭರಮಪ್ಪ ಕೂತಲ್ಲಿಂದಲೇ ಕೇಳಿದ. ಎಲ್ಲರೂ ನಕ್ಕರು, ಮೇಜರನೂ ನಕ್ಕ. ಒಳ್ಳೆಯ ಹುಡುಗ, ಓದಿದ್ದನ್ನು ಹೇಳಿದ, ಅವನ ತಪ್ಪೇನಿಲ್ಲ. ವೈರಿ ಸತ್ತೇ ಬೀಳಬೇಕೆಂದಿಲ್ಲ ಎಂದ. ಸತ್ತವನನ್ನು ಕಾಳಗ ಮುಗಿಯುವ ತನಕ ಅಲ್ಲೇ ಬಿಟ್ಟಿರುತ್ತಾರೆ. ಗಾಯಗೊಂಡವನನ್ನು ಬಿಡಲಾಗುವುದಿಲ್ಲ. ಅವನನ್ನು ಹೊರಲು ಇಬ್ಬರು ಬರಬೇಕು. ಒಂದು ಗುಂಡಿಗೆ ಮೂರು ಮಂದಿ ಕಡಿಮೆಯಾದಂತೆ. ಹಾಗೆಂದು ಕೈ ಮಾಡಿದ್ದೇ ತಡ, ಮೈದಾನದಲ್ಲಿ ಒಬ್ಬ ಜವಾನ ಬಿದ್ದಂತೆ ಮಲಗಿದ, ಇಬ್ಬರು ಸ್ಟ್ರೆಚರ್ ಹಿಡಿದು ಓಡಿ ಬಂದರು.

ಆ ಇಬ್ಬರೂ ಬ್ಯಾಂಡಿನ ಹುಡುಗರು. ಹೊತ್ತುಕೊಂಡು ಹೊರಟರೋ ಇಲ್ಲವೋ, ಎಡಗಾಲಿಗೆ ಎಡಗಾಲು ಕೂಡಿಬಿಟ್ಟಿತು, ಸ್ಟ್ರೆಚರ್ ಅತ್ತಿಂದಿತ್ತ ತೂಗತೊಡಗಿತು. ಬದಿಯಲ್ಲಿದ್ದ ಸುಬೇದಾರ ಸಿಡುಕಿದ. ಮುಂದಿನವನು ಎಡಗಾಲು ಇಟ್ಟರೆ ಹಿಂದಿನವನು ಬಲಗಾಲು ಇಡಬೇಕು, ಗಾಯಾಳು ಅಲುಗಬಾರದು, ಎಷ್ಟು ಸಲ ಹೇಳುವುದು? ಉಳಿದ ಪಲ್ಟನ್ನಿನವರಿಗೆ ಒಂದು ದಿನದಲ್ಲಿ ಬರುತ್ತದೆ, ತಾಳಕ್ಕೆ ಹೆಜ್ಜೆ ಕೂಡಿಸಿ ರೂಢಿಯಾದ ಈ ಬ್ಯಾಂಡಿನವರಿಗೆ ಜನ್ಮದಲ್ಲಿ ಬರುವುದಿಲ್ಲ ಎಂದು ಬೈದ. ಮತ್ತೆ ನಗೆ ಎದ್ದಿತು. ಭರಮಪ್ಪ ನಗಲಿಲ್ಲ. ಅವನು ಆ ತೂಗುವ ಸ್ಟ್ರೆಚರನ್ನೇ ನೋಡುತ್ತಿದ್ದ, ಯೂಸುಫ ಅವನ ಮುಖವನ್ನು ನೋಡುತ್ತಿದ್ದ.

ಭರಮಪ್ಪ ಊಟ ಮಾಡಲಿಲ್ಲ. ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ ಯೂಸುಫನೂ ಖಾನಾಪುರದ ಬಸ್ಸು ಹತ್ತಿದ. ಬಸ್ಸು ಮಚ್ಛೆ ಊರನ್ನು ದಾಟಿತು.

"ಯೂಸುಫ, ನನಗ ಆವತ್ತಿಂದು ಒಂದ ನೆನಪೈತಿ" ಎಂದ ಭರಮಪ್ಪ. "ತೊಟ್ಟಿಲದಾಗ ಹಾಕಿದ ಕೂಸಿನಂಗ ತೂಗತಿದ್ದೆ. ಜ್ವರದ ಭ್ರಮಾ ಅಂತ ತಿಳಕೊಂಡಿದ್ದೆ."

ಯೂಸುಫ ಕಿಟಕಿಯ ಹೊರಗೆ ನೋಡಿದ.

"ಸಾತಾರಾದ ಹುಡುಗ ಬ್ಯಾಂಡಿನಾಂವ ಅಲ್ಲಲ್ಲ? ನಿನ್ನ ಹೆಜ್ಜಿಗಿ ಹೆಜ್ಜಿ ಕೂಡಸಾಂವ ಒಬ್ಬನ ಇದ್ದ."

ಇನ್ನೊಂದು ಸುಳ್ಳು ಬಾಯಿಯ ತನಕ ಬಂದಿತ್ತು. ಯೂಸುಫನಿಗೆ ಸಾಕಾಗಿ ಹೋಗಿತ್ತು. "ಹೌದಪಾ. ಅವನ, ಮೈಲಾರಲಿಂಗ" ಎಂದ. ಭರಮಪ್ಪ ಕಣ್ಣು ಮುಚ್ಚಿಕೊಂಡ.

ಖಾನಾಪುರದಲ್ಲಿ ಇಳಿದವನು ಮನೆಯ ಹಾದಿ ಹಿಡಿಯಲಿಲ್ಲ. ಯೂಸುಫ ಎಷ್ಟು ಬೇಡಿಕೊಂಡರೂ ನಿಲ್ಲದೆ ನೆಟ್ಟಗೆ ಬಾಳವ್ವನ ಮನೆಗೆ ನಡೆದ. ಆಕೆ ಹಂಚಿನ ಕಾರ್ಖಾನೆಯ ಕೆಲಸ ಮುಗಿಸಿ ಬಂದು ಕೈಯ ಮಣ್ಣು ತೊಳೆಯುತ್ತಿದ್ದಳು.

"ಒಳಗ ಬರ್ರಿ, ಕುಂದರ್ರಿ" ಎಂದಳು. ಭರಮಪ್ಪ ಹೊಸ್ತಿಲ ಹೊರಗೇ ನಿಂತ.

"ನನ್ನ ಹೊತ್ತಾಂವ ಸಿಕ್ಕನವ್ವಾ" ಎಂದ. ಬಾಳವ್ವ ಯೂಸುಫನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ.

"ಸಾಹೇಬ್ರು ಇವತ್ತ ಲೆಕ್ಕಾ ಹೇಳಿದ್ರು. ನಾ ಅಲ್ಲೇ ಸತ್ತಿದ್ರ ಯಾರೂ ಬರತಿರಲಿಲ್ಲ. ನಾ ಒಬ್ಬಾಂವ ಹೋಗತಿದ್ದೆ. ನಿನ್ನ ಗಂಡ ಮನಿಗಿ ಬರತಿದ್ದ. ಇನ್ನ ಮ್ಯಾಲ ಈ ಮನಿಗಿ ಯಾವ ಮುಖಾ ಇಟಗೊಂಡು ಬರಲಿ?"

ಹಾಗೇನಿಲ್ಲ ಎಂದು ಆಕೆ ಹೇಳಲಿ ಎಂದು ಯೂಸುಫ ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡ. ಬಾಳವ್ವ ಹಾಗೆ ಹೇಳಲಿಲ್ಲ.

"ಖರೇ ಐತಿ" ಎಂದಳು. "ಆ ಲೆಕ್ಕಾ ನಿಮ್ಮ ಸಾಹೇಬ್ರಕಿಂತ ಮೊದಲ ನಾ ಹಾಕೀನಿ. ಯೂಸುಫಣ್ಣಗ ಹೇಳಬ್ಯಾಡ ಅಂದದ್ದು ನಿಮ್ಮ ಮ್ಯಾಲಿನ ಕರುಣಾದಿಂದ ಅಲ್ಲ. ನೀವು ಬಂದು ನನ್ನ ಮುಂದ ಅಳೂದು ನನಗ ಬ್ಯಾಡಾಗಿತ್ತು. ಮೊದಲಿನ ವರ್ಷ ನೀವು ತಂದ ಖಣ ಒಲಿಯಾಗ ಹಾಕಿ ಸುಟ್ಟೆ. ಮರು ವರ್ಷದ್ದೂ ಸುಟ್ಟೆ."

ಯೂಸುಫನಿಗೆ ಇದು ಗೊತ್ತಿರಲಿಲ್ಲ. ಭರಮಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅದರ ಮುಂದಿನ ಪಂಚಮಿಗಿ ನೀವು ಬರಲಿಲ್ಲ. ಜ್ವರ ಬಂದು ಮಲಗಿದ್ರಿ. ಬರಲಿಲ್ಲ, ಚಲೋ ಆತು ಅಂತ ಅಂದುಕೊಂಡೆ. ಆದ್ರೂ ಹೊತ್ತ ಮುಣಗೂತನಾ ಇದ ಬಾಗಲದಾಗ ಕುಂತು ಹಾದಿ ನೋಡೀನಿ. ಅವರು ಈ ಮನಿಗಿ ಏನೂ ಬಿಟ್ಟ ಹೋಗಿಲ್ಲ ಅಣ್ಣಾರ. ಕೂಸಿಲ್ಲ, ಹೊಲ ಇಲ್ಲ. ಅವರ ಕೈಯಿಂದ ಆದದ್ದು ಅಂತ ಈ ಭೂಮಿ ಮ್ಯಾಲ ಉಳದದ್ದು ನೀವೊಬ್ಬರ. ನೀವು ನಿಮ್ಮ ಗಿರಣಿ ನಡಸ್ತೀರಿ, ಮಗಳನ್ನ ಸಾಲಿಗಿ ಕಳಸ್ತೀರಿ, ಅದನ್ನೆಲ್ಲಾ ನಾ ನೋಡಕೋತ ಇರತೀನಿ. ಈಗ ನೀವು ಸತ್ತಿದ್ರ ಚಲೋ ಇತ್ತು ಅಂದ್ರ, ನನ್ನ ಗಂಡ ಏನ ಹೊತ್ತ? ಹೆಣಾ ಹೊತ್ತನೇನು?"

ಭರಮಪ್ಪನಿಗೆ ಅಳು ಒತ್ತರಿಸಿ ಬಂತು. ಬಾಳವ್ವ ಅವನನ್ನು ಸಂತೈಸಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಸ್ವಲ್ಪ ಹೊತ್ತಿಗೆ ಅವನು ತಾನಾಗಿ ಹೊಸ್ತಿಲು ದಾಟಿ ಬಂದು ಗೋಡೆಗೆ ಒರಗಿ ಕುಳಿತ. ಧೋತರ ಮೇಲೆ ಸರಿಸಿ ಮರದ ಕಾಲಿನ ಪಟ್ಟಿ ಬಿಚ್ಚಿದ. ಇಷ್ಟು ವರ್ಷ ಆ ಮನೆಯಲ್ಲಿ ಅವನು ಒಮ್ಮೆಯೂ ಅದನ್ನು ಬಿಚ್ಚಿರಲಿಲ್ಲ.