ನೂರಾ ಹನ್ನೆರಡು ಸಹಿಗಳ ಸಭೆ

ಬೆಟ್ಟ ಅಗೆದು ಜಲ್ಲಿ ಹಿಡಿದರು ಅಂತ ಗಾದೆ. ಇಲಿ ಅನ್ನುವವರು ಹಳೇ ಕಾಲದವರು. ಈಗ ಇಲಿಗೆ ಲಾರಿ ಲೋಡಿನ ರೇಟಿಲ್ಲ. ಗಾದೆ ಸುಳ್ಳಾದೀತು, ತ್ಯಾಗಲಿ ಊರ ಕಡೆಯ ಈ ಕಥೆ ಮಾತ್ರ ಕೆರಿಯನ ಎಮ್ಮೆ ಹಾಲಿನಷ್ಟು ಸತ್ಯ. ಅಂದರೆ, ಒಂದು ತಂಬಿಗೆ ನೀರು ಬಿಟ್ಟರೆ ಬಾಕಿಯೆಲ್ಲ ಅಪ್ಪಟ.

ಕೆರಿಯ ಗ್ರಾಮಸಭೆ ತಪ್ಪಿಸಿದವನಲ್ಲ. ಹಾಗಂತ ಹೋದವನೂ ಅಲ್ಲ. ಆ ಊರಲ್ಲಿ ಜನ ಸಭೆಗೆ ಹೋಗುವುದಿಲ್ಲ. ಸಭೆಯೇ ಹಿಂದಿನ ದಿನ ಹಾಜರಿ ಪುಸ್ತಕವಾಗಿ ಮನೆಮನೆಗೆ ಬರುತ್ತದೆ. ಜನ ಅಂಗಳದಲ್ಲೇ ಸಹಿ ಹಾಕಿ, ಪುಸ್ತಕ ತಂದ ಪಂಚಾಯ್ತಿ ಅಧ್ಯಕ್ಷ ಶಂಕ್ರಪ್ಪನಿಗೆ ಚಾ ಕುಡಿಸಿ ಕಳಿಸುತ್ತಾರೆ. ಹೋಟೆಲಿನ ಊಟಕ್ಕಿಂತ ಮೊದಲು ಪ್ರಜಾಪ್ರಭುತ್ವವೇ ಅಲ್ಲಿ ಹೋಮ್ ಡೆಲಿವರಿ ಆಗಿತ್ತು.

ಈ ಸಲದ ಸಭೆ ಕಲ್ಲರೆ ಗುಡ್ಡದ್ದು. ಅಲ್ಲಿ ಜಲ್ಲಿ ಕ್ವಾರಿ ಬರುವುದಿತ್ತು. ಕೆರಿಯನ ಎರಡೆಕರೆ ಗದ್ದೆಗೆ ಆ ಗುಡ್ಡದ ಬುಡದ ಒರತೆಯೊಂದೇ ಗತಿ. ಮದ್ದಿಟ್ಟು ಬಂಡೆ ಸಿಡಿಸಿದರೆ ನೀರು ಯಾವ ದಿಕ್ಕು ಹಿಡಿದೀತೋ.

"ಮಾವ, ಈ ಸಲ ಸಭೆಗೆ ಹೋಗಾ" ಎಂದು ಅಕ್ಕನ ಮಗ ಕಿರಣ ವಾರದಿಂದ ಹೇಳುತ್ತಿದ್ದ. ಸಹಿ ಹಾಕಿದ ಸಂಜೆಯೂ ಹೇಳಿದ. ಬಿ.ಎ. ಮುಗಿಸಿ ಸಿದ್ದಾಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟ ಆಸಾಮಿ. ಕಾಗದದಂತೆ ಜನರ ದನಿಯನ್ನೂ ನಕಲು ತೆಗೆಯಬಲ್ಲ.

"ಎಂತಕ್ಕಾ? ಸೈನ್ ಹಾಕಿ ಆತಲ್ಲ. ಕ್ವಾರಿ ಬ್ಯಾಡ ಅಂದ್ಕಂಡೇ ಹಾಕಿದ್ದು."

"ಅಂದ್ಕಂಡಿದ್ದು ಪುಸ್ತಕದಲ್ಲಿ ಕಾಣ್ತದಾ?"

"ನನ್ನ ಮೋರೆ ನೋಡಿರೆ ಶಂಕ್ರಪ್ಪಂಗೆ ಗೊತ್ತಾಗ್ತದೆ ಬಿಡು."

ಸಭೆಯ ದಿನ ಹನ್ನೊಂದಕ್ಕೆ ಕೆರಿಯನ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು. ಹೋದ ತಿಂಗಳು ಊರಿಗೆ ಸ್ಟೀಲ್ ಬಕೆಟ್ ಹಂಚಿದ್ದ ಕ್ವಾರಿ ಮ್ಯಾನೇಜರನ ಮೂಗಿನ ದನಿ.

"ನಮಸ್ಕಾರ ಕೆರಿಯಾ ಅವರೇ! ನಿಮ್ಮ ಒಪ್ಪಿಗೆ ಸಿಕ್ತು, ಬಹಳ ಸಂತೋಷ. ನಾಳೆ ಮಷಿನ್ ಬರ್ತದೆ. ನಿಮ್ಮ ಗದ್ದೆ ಮೇಲೇ ದಾರಿ."

"ನಾ ಯಾವಾಗ ಒಪ್ಪಿದೆ?"

"ಸಹಿ ಇದೆಯಲ್ಲ ಸ್ವಾಮಿ!"

"ಅಂಗಿನಾದ್ರೂ ಹಾಕ್ಕಂಡ್ ಹೋಗಿ!" ಎಂದು ಹೆಂಡತಿ ದ್ಯಾವಮ್ಮ ಕೂಗುವಷ್ಟರಲ್ಲಿ ಕೆರಿಯ ಬನಿಯನ್ನಿನಲ್ಲೇ ಶಾಲೆ ಮುಟ್ಟಿದ್ದ.

ಶಾಲೆಯಲ್ಲಿ ನೂರಾ ಹನ್ನೆರಡು ಮಂದಿಯ ಸಭೆ ನಡೆಯುತ್ತಿತ್ತು. ಕಣ್ಣಿಗೆ ಕಾಣುವವರು ಏಳು ಮಂದಿ; ಉಳಿದವರು ಪುಸ್ತಕದೊಳಗೆ ಕೂತಿದ್ದರು. ಕಿರಣ ಹಿಂದಿನ ಬೆಂಚಿನಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದ. ಕೆರಿಯ ಪುಸ್ತಕ ಕಸಿದು ನೋಡಿದ. ಸಹಿಗಳ ಮೇಲೆ ಅರ್ಧ ಪುಟ ಖಾಲಿ.

"ಇಲ್ಲಿ ಎಂತ ಬರದೇ ಇಲ್ಲೆ?"

"ಠರಾವು ಆಮೇಲೆ ಬರೆಯೋದು ಮಾರಾಯಾ, ಯಾವಾಗ್ಲೂ ಹಾಂಗೇ" ಎಂದ ಶಂಕ್ರಪ್ಪ.

"ಆಮೇಲೆ ಅಂದ್ರೆ ಯಾರು ಹೇಳಿದ್ದು ಬರೀತ್ರಿ?"

ಶಂಕ್ರಪ್ಪ ಪುಸ್ತಕಕ್ಕೆ ಕೈ ಚಾಚಿದ. ಕೆರಿಯ ಅದನ್ನು ಪಂಚಾಯ್ತಿ ಅಧಿಕಾರಿ ಪಿಡಿಒ ಮೇಡಂ ಮುಂದೆ ಇಟ್ಟ.

"ಈಗ್ಲೇ ಬರೀರಿ! ಕಲ್ಲರೆ ಗುಡ್ಡಕ್ಕೆ ಕ್ವಾರಿ ಬ್ಯಾಡ!"

ಕೂತಿದ್ದವರೆಲ್ಲ ಹೌದೆಂದರು. ಸಭೆಯಲ್ಲಿ ಯಾರೋ ಮಾತಾಡಿದ್ದನ್ನು ಮೊದಲ ಸಲ ಕೇಳಿದ ಗಾಬರಿಗೆ ಪಿಡಿಒ ಬರೆದೇಬಿಟ್ಟರು.

"ಇಷ್ಟೇ ಜನ ಹೇಳಿರೆ ಆಗ್ತದಾ? ಕೋರಂ ಬೇಡ್ವಾ?" ಶಂಕ್ರಪ್ಪ ಎದ್ದು ನಿಂತ.

"ನೂರಾ ಹನ್ನೆರಡು ಜನ ಇದಾರಲ್ಲ ಅಧ್ಯಕ್ಷ್ರೇ" ಎಂದ ಕಿರಣ. "ನೀವೇ ತಂದ ಸಹಿ ಖೊಟ್ಟಿ ಅಂತ್ರಾ?"

ಶಂಕ್ರಪ್ಪ ಕೂತ. ಠರಾವು ಸರ್ವಾನುಮತದಿಂದ ಪಾಸಾಯಿತು.

ಕೆರಿಯನ ಸಿಟ್ಟು ಇಳಿದಿರಲಿಲ್ಲ. "ತಡಿ, ಆ ಮ್ಯಾನೇಜರಿಗೂ ಒಂದು ಮಾತು ಹೇಳ್ತೆ" ಎಂದು ಬಂದ ನಂಬರಿಗೇ ತಿರುಗಿ ಹಚ್ಚಿದ.

ಕಿರಣನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಅಂಗಡಿಗೆಂದು ತೆಗೆದ ಹೊಸ ಸಿಮ್ಮು. ಬೇರೆ ದಾರಿ ಕಾಣದೆ ಕಿರಣ ಎತ್ತಿದ, ಮೂಗು ಹಿಡಿದ: "ಹೇಳಿ, ಕೆರಿಯಾ ಅವರೇ."

ಕೆರಿಯ ಒಮ್ಮೆ ಫೋನು ನೋಡಿದ, ಒಮ್ಮೆ ಅಳಿಯನನ್ನು. ಪಿಡಿಒ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು, ಕೂತವರು ಬೆಂಚು ಬಡಿದು ನಕ್ಕರು. ಕೆರಿಯ ಕಿರಣನ ಕಿವಿ ಹಿಡಿದು ಹಿಂಡಿದ. ಹಿಂಡುತ್ತ ಹಿಂಡುತ್ತಲೇ ಅವನ ಬನಿಯನ್ನೊಳಗಿನ ಹೊಟ್ಟೆ ಕುಣಿಯತೊಡಗಿತು. ಆಮೇಲೆ ಅವನು ನಕ್ಕ ನಗೆಯ ಮುಂದೆ ಉಳಿದವರದು ಬರೀ ಕೆಮ್ಮು.